ಸತ್ಯಾಂಶ: ಹುಣಸೆ ನೀರು ಸ್ಕರ್ವಿಗೆ ಮದ್ದಲ್ಲ

‘ವಸಡಿನಲ್ಲಿ ರಕ್ತ ಬಂದರೆ ಅದು ಸ್ಕರ್ವಿ. ಹುಳಿ ಇರುವುದೆಲ್ಲ ವಿಟಮಿನ್ ಸಿ. ಹುಣಸೆಹಣ್ಣು ಕುದಿಸಿ ಕುಡಿಯಿರಿ’ ಎಂಬ ಸಂದೇಶ ಕೊಪ್ಪಳ, ರಾಯಚೂರು ಕಡೆಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದು ತಪ್ಪು. ಸ್ಕರ್ವಿ ಎಂದರೆ ವಿಟಮಿನ್ ಸಿ ಕೊರತೆಯಿಂದ ಬರುವ ಕಾಯಿಲೆ.

ಹುಣಸೆಯ ಹುಳಿ ಮುಖ್ಯವಾಗಿ ಟಾರ್ಟಾರಿಕ್ ಆಮ್ಲದ್ದು. ಅದರ 100 ಗ್ರಾಂ ತಿರುಳಿನಲ್ಲಿ ವಿಟಮಿನ್ ಸಿ ಸುಮಾರು 3.5 ಮಿಲಿಗ್ರಾಂ ಮಾತ್ರ. ಕುದಿಸಿದರೆ ಅದೂ ಕಡಿಮೆಯಾಗುತ್ತದೆ.

ಸ್ವಾರಸ್ಯವೆಂದರೆ ಈ ಮದ್ದಿನ ಪರೀಕ್ಷೆ ಹಿಂದೆಯೇ ನಡೆದಿದೆ. 1747ರಲ್ಲಿ ಬ್ರಿಟನ್ನಿನ ‘ಸ್ಯಾಲಿಸ್‌ಬರಿ’ ಹಡಗಿನ ವೈದ್ಯ ಜೇಮ್ಸ್ ಲಿಂಡ್, ಸ್ಕರ್ವಿ ತಗುಲಿದ 12 ನಾವಿಕರನ್ನು ಇಬ್ಬಿಬ್ಬರಂತೆ ವಿಂಗಡಿಸಿ ಬೇರೆ ಬೇರೆ ಮದ್ದು ಕೊಟ್ಟರು. ಒಂದು ಜೋಡಿಗೆ ವಿನೆಗರ್, ಇನ್ನೊಂದಕ್ಕೆ ತೆಳುಗೊಳಿಸಿದ ಗಂಧಕಾಮ್ಲ (ಪಾಪ, ಕುಡಿದವರ ಪಾಡು!), ಮತ್ತೊಂದಕ್ಕೆ ಬೆಳ್ಳುಳ್ಳಿ-ಸಾಸಿವೆಯ ಲೇಹ್ಯ, ಜೊತೆಗೆ ಹುಣಸೆ ಹುಳಿ ಬೆರೆಸಿದ ಬಾರ್ಲಿ ನೀರು. ಬೇಗ ಚೇತರಿಸಿಕೊಂಡವರು ಕಿತ್ತಳೆ, ನಿಂಬೆ ತಿಂದ ಇಬ್ಬರೇ.

ಪೇರಲ, ನೆಲ್ಲಿಕಾಯಿ, ಹಸಿ ಮೆಣಸಿನಕಾಯಿಗಳಲ್ಲಿ ವಿಟಮಿನ್ ಸಿ ಧಾರಾಳವಾಗಿದೆ. ಜೋಳದ ರೊಟ್ಟಿಯೊಂದಿಗೆ ಹಸಿ ಸೊಪ್ಪು ತಿನ್ನುವ ನಮ್ಮ ಕಡೆಯ ರೂಢಿಯೂ ಒಳ್ಳೆಯದೇ. ಅಂದ ಹಾಗೆ, ವಸಡಿನ ರಕ್ತಕ್ಕೆ ಬಹುಪಾಲು ಕಾರಣ ಸ್ಕರ್ವಿಯಲ್ಲ, ಹಲ್ಲಿನ ಬುಡದಲ್ಲಿ ಕಟ್ಟಿದ ಕೊಳೆ. ರಕ್ತ ನಿಲ್ಲದಿದ್ದರೆ ದಂತವೈದ್ಯರಿಗೆ ತೋರಿಸಿ.