ಸತ್ಯಾಂಶ: ಲಿನಕ್ಸ್‌ನಲ್ಲಿ ರ‍್ಯಾಮ್ ಅನ್ನು ದಿನವೂ ‘ಖಾಲಿ’ ಮಾಡಬೇಕೇ?

ಲಿನಕ್ಸ್ ರ‍್ಯಾಮ್ ಅನ್ನೆಲ್ಲ ನುಂಗಿಹಾಕುತ್ತದೆ, ಆದ್ದರಿಂದ ‘ಡ್ರಾಪ್ ಕ್ಯಾಶಸ್’ ಕಮಾಂಡನ್ನು ದಿನವೂ ಕೊಟ್ಟರೆ ಕಂಪ್ಯೂಟರ್ ವೇಗವಾಗುತ್ತದೆ ಎಂಬ ಸಂದೇಶವೊಂದು ಲಿನಕ್ಸ್‌ನ ರೂಪಗಳಾದ ಉಬುಂಟು, ಮಿಂಟ್‌ಗಳನ್ನು ಹೊಸದಾಗಿ ಹಾಕಿಕೊಂಡವರ ನಡುವೆ ಹರಿದಾಡುತ್ತದೆ. ಇದು ಸರಿಯಲ್ಲ.

ಡಿಸ್ಕ್‌ನಿಂದ ಒಮ್ಮೆ ಓದಿದ ಕಡತಗಳ ಪ್ರತಿಯನ್ನು, ಆ ಹೊತ್ತಿಗೆ ಯಾವ ತಂತ್ರಾಂಶಕ್ಕೂ ಬೇಡವಾದ ರ‍್ಯಾಮ್‌ನಲ್ಲಿ ಲಿನಕ್ಸ್‌ನ ತಿರುಳಾದ ಕರ್ನೆಲ್ ಇಟ್ಟುಕೊಂಡಿರುತ್ತದೆ; ಇದನ್ನೇ ಕ್ಯಾಶ್ ಎನ್ನುತ್ತಾರೆ. ಅದೇ ಕಡತ ಮತ್ತೆ ಬೇಕಾದಾಗ ನಿಧಾನಗತಿಯ ಡಿಸ್ಕ್‌ಗೆ ಹೋಗಬೇಕಾಗುವುದಿಲ್ಲ. ಲಿಬ್ರೆ ಆಫೀಸ್ ಎರಡನೆಯ ಬಾರಿ ಬೇಗ ತೆರೆದುಕೊಳ್ಳುವುದಕ್ಕೆ ಬಹುಮಟ್ಟಿಗೆ ಇದೇ ಕಾರಣ. ಬೇರೆ ತಂತ್ರಾಂಶಕ್ಕೆ ಜಾಗ ಬೇಕಾದ ಕೂಡಲೇ ಈ ಕ್ಯಾಶ್ ತಾನಾಗಿಯೇ ತೆರವಾಗುತ್ತದೆ. ಅದನ್ನು ‘ಡ್ರಾಪ್ ಕ್ಯಾಶಸ್’ ಕಮಾಂಡಿನಿಂದ ಬಲವಂತವಾಗಿ ತೆಗೆದುಹಾಕಿದರೆ ಮಾಹಿತಿಯೇನೂ ನಷ್ಟವಾಗದು, ಆದರೆ ಎಲ್ಲವನ್ನೂ ಡಿಸ್ಕ್‌ನಿಂದ ಮತ್ತೆ ಓದಬೇಕಾಗಿ ಬಂದು ಕಂಪ್ಯೂಟರ್ ಕೆಲಕಾಲ ಇನ್ನಷ್ಟು ನಿಧಾನವೇ ಆಗುತ್ತದೆ. (ಈ ಕಮಾಂಡ್ ‘ಸುಡೊ’ ಅಧಿಕಾರವನ್ನೂ, ಅಂದರೆ ಇಡೀ ವ್ಯವಸ್ಥೆಯ ಮೇಲಿನ ನಿರ್ವಾಹಕರ ಅಧಿಕಾರವನ್ನೂ, ಕೇಳುತ್ತದೆ; ಅರ್ಥವಾಗದ ಕಮಾಂಡಿಗೆ ಪಾಸ್‌ವರ್ಡ್ ಕೊಡುವ ಅಭ್ಯಾಸವೇ ನನಗೆ ಹೆಚ್ಚು ಅಪಾಯಕಾರಿಯಾಗಿ ಕಾಣುತ್ತದೆ.)

ಟರ್ಮಿನಲ್‌ನಲ್ಲಿ ‘ಫ್ರೀ’ ಕಮಾಂಡ್ ಕೊಟ್ಟಾಗ ನೋಡಬೇಕಾದದ್ದು ‘ಫ್ರೀ’ ಕಾಲಂ ಅಲ್ಲ, ‘ಅವೈಲಬಲ್’ ಕಾಲಂ. ತಂತ್ರಾಂಶಗಳಿಗೆ ನಿಜವಾಗಿ ದೊರೆಯಬಲ್ಲ ರ‍್ಯಾಮ್‌ನ ಈ ಅಂದಾಜನ್ನು 2014ರ 3.14 ಆವೃತ್ತಿಯಿಂದ ಕರ್ನೆಲ್ಲೇ ಒದಗಿಸುತ್ತಿದೆ. ಆ ಸಂಖ್ಯೆ ತೀರಾ ಕುಸಿದು, ಸ್ವಾಪ್ (ರ‍್ಯಾಮ್ ಸಾಲದಾದಾಗ ಬಳಸುವ ಡಿಸ್ಕ್‌ನ ಜಾಗ) ಬಳಕೆ ಏರುತ್ತಲೇ ಇದ್ದರೆ ಮಾತ್ರ ರ‍್ಯಾಮ್ ಕೊರತೆಯಿದೆ ಎನ್ನಬಹುದು. ಆಗ ಮೊದಲು ಬ್ರೌಸರ್‌ನ ಟ್ಯಾಬ್‌ಗಳನ್ನು ಕಡಿಮೆ ಮಾಡಿ ನೋಡಬೇಕು.