ಆಧಾರ ಕೇಳಿದವನೇ ಅಪರಾಧಿ

ನಿನ್ನೆ ರಾತ್ರಿ ಊಟ ಮುಗಿಸಿ ಕುಳಿತವನು, ಹಿರಿಯ ಪೋಷಕ ನಟಿಯೊಬ್ಬರ ವಿಕಿಪೀಡಿಯ ಪುಟದಿಂದ ಅವರ ಜನ್ಮದಿನಾಂಕವನ್ನು ಮೂರನೆಯ ಸಲ ತೆಗೆದುಹಾಕಿದೆ. ಲೆಕ್ಕವಿಟ್ಟುಕೊಳ್ಳದೆ ಗತಿಯಿಲ್ಲ, ಏಕೆಂದರೆ 24 ಗಂಟೆಗಳೊಳಗೆ ಒಂದೇ ಪುಟದಲ್ಲಿ ಮೂರಕ್ಕಿಂತ ಹೆಚ್ಚು ಬಾರಿ ಇನ್ನೊಬ್ಬರ ಸಂಪಾದನೆಯನ್ನು, ಅಂದರೆ ತಿದ್ದುಪಡಿಯನ್ನು, ರದ್ದುಮಾಡುವುದು ವಿಕಿಪೀಡಿಯದಲ್ಲಿ ತಪ್ಪೆನಿಸಿಕೊಳ್ಳುತ್ತದೆ. ಆ ಕಡೆಯಲ್ಲಿರುವ ಮಹಾಶಯರಿಗೆ ಈ ಚಿಂತೆಯಿಲ್ಲ. ಅವರು ಖಾತೆಯನ್ನೇ ತೆರೆಯದೆ, ಪ್ರತಿ ಸಲವೂ ಹೊಸ ಗುರುತಿನಲ್ಲಿ ಬಂದು, ಅದೇ ದಿನಾಂಕವನ್ನು ಅಂಟಿಸಿ ಹೋಗುತ್ತಾರೆ.

ಕೆಲವು ದಿನಗಳ ಹಿಂದೆಯೇ ಚರ್ಚೆ ಪುಟದಲ್ಲಿ ನಾನು ಬರೆದದ್ದು ಇಷ್ಟೇ: ‘ದಯವಿಟ್ಟು ಈ ದಿನಾಂಕಕ್ಕೆ ಒಂದು ಆಧಾರ ಕೊಡಿ.’ ಬಂದ ಉತ್ತರದಲ್ಲಿ ಆಧಾರವೊಂದನ್ನು ಬಿಟ್ಟು ಮಿಕ್ಕೆಲ್ಲವೂ ಇತ್ತು. ನಾನು ಯಾವ ನಟನ ಕಡೆಯವನು, ನನಗೆ ದುಡ್ಡು ಕೊಟ್ಟವರು ಯಾರು, ಕನ್ನಡದ ಕಲಾವಿದರನ್ನು ಕಂಡರೆ ನನಗೇಕೆ ಹೊಟ್ಟೆಯುರಿ ಎಂಬುದನ್ನೆಲ್ಲ ವಿಚಾರಿಸಲಾಗಿತ್ತು. ಆ ನಟಿಯ ಅಭಿನಯವನ್ನು ನಾನು ಬಾಲ್ಯದಿಂದ ಮೆಚ್ಚಿಕೊಂಡು ಬಂದಿದ್ದೇನೆ. ಮೆಚ್ಚಿದ್ದರಿಂದಲೇ ಅವರ ಪುಟ ನನ್ನ ವೀಕ್ಷಣಾಪಟ್ಟಿಯಲ್ಲಿದೆ ಎಂದು ಹೇಳಿಕೊಳ್ಳಬೇಕಾಗಿ ಬಂದದ್ದೇ ಅವಮಾನ.

ಎರಡು ದಿನ ಕಳೆದ ಮೇಲೆ ‘ಆಧಾರ’ ಬಂತು, ಪತ್ರಿಕೆಯೊಂದರ ಹುಟ್ಟುಹಬ್ಬದ ಬರಹ. ತೆರೆದು ಓದಿದರೆ ಮೊದಲ ಪ್ಯಾರಾದಲ್ಲೇ ನಮ್ಮ ಪುಟದ ವಾಕ್ಯಗಳು ಸಾಲುಸಾಲಾಗಿ ಕುಳಿತಿದ್ದವು. ನಾನೇ ಹಿಂದೊಮ್ಮೆ ಅವಸರದಲ್ಲಿ ಮಾಡಿ, ಆಮೇಲೆ ತಿದ್ದಿಕೊಂಡಿದ್ದ ಒಂದು ಕಾಗುಣಿತದ ತಪ್ಪು ಕೂಡ ಅಲ್ಲಿ ಅಚ್ಚಾಗಿತ್ತು. ಪುಟದ ಇತಿಹಾಸವನ್ನು ಕೆದಕಿದಾಗ, ಎರಡು ವರ್ಷದ ಹಿಂದೆ ಯಾರೋ ಅನಾಮಿಕರು ಆಧಾರವಿಲ್ಲದೆ ಸೇರಿಸಿದ್ದ ದಿನಾಂಕವೇ ಪತ್ರಿಕೆಗೆ ಹೋಗಿ, ಪತ್ರಿಕೆಯಿಂದ ಮರಳಿ ನಮ್ಮಲ್ಲಿಗೆ ಪುರಾವೆಯ ವೇಷದಲ್ಲಿ ಬಂದಿರುವುದು ತಿಳಿಯಿತು. ಕಳ್ಳನೇ ತನಗೆ ತಾನು ಜಾಮೀನು ನಿಂತ ಹಾಗೆ! ಇದನ್ನು ವಿವರಿಸಿದರೆ, ‘ಪತ್ರಿಕೆಯವರಿಗಿಂತ ನೀವು ದೊಡ್ಡವರೋ’ ಎಂಬ ಪ್ರಶ್ನೆ.

ಬದುಕಿರುವವರ ಪುಟಗಳಲ್ಲಿ ಆಧಾರ ಬೇಕೇ ಬೇಕೆಂಬ ಈ ಬಿಗಿ ಸುಮ್ಮನೆ ಬಂದದ್ದಲ್ಲ. ಅಮೆರಿಕದ ಪತ್ರಕರ್ತ ಜಾನ್ ಸೀಗೆಂತಾಲರ್ ಅವರನ್ನು ಕೆನಡಿ ಸಹೋದರರ ಹತ್ಯೆಯೊಂದಿಗೆ ತಳಕುಹಾಕಿದ ಹಸಿ ಸುಳ್ಳು 2005ರಲ್ಲಿ ತಿಂಗಳುಗಟ್ಟಲೆ ಅವರ ಪುಟದಲ್ಲಿ ಯಾರ ಕಣ್ಣಿಗೂ ಬೀಳದೆ ಉಳಿದಿತ್ತು. ಅಷ್ಟು ದೂರ ಹೋಗುವುದೂ ಬೇಡ. 2021ರ ಜೂನ್‌ನಲ್ಲಿ ಸಂಚಾರಿ ವಿಜಯ್ ಅಪಘಾತಕ್ಕೀಡಾಗಿ ಆಸ್ಪತ್ರೆಯಲ್ಲಿದ್ದಾಗ, ಮೆದುಳು ನಿಷ್ಕ್ರಿಯಗೊಂಡಿದ್ದರೂ ಹೃದಯ ಇನ್ನೂ ಬಡಿಯುತ್ತಿದೆ ಎಂದು ವೈದ್ಯರು ಹೇಳುತ್ತಿದ್ದ ಹೊತ್ತಿನಲ್ಲೇ ಸಂತಾಪದ ಟ್ವೀಟುಗಳು ಹರಿದಾಡಿದ್ದನ್ನು ನಾವೆಲ್ಲ ನೋಡಿದ್ದೇವೆ. ಇಂಥ ಗಳಿಗೆಯಲ್ಲಿ ‘ನಟರಾಗಿದ್ದಾರೆ’ ಎಂಬುದನ್ನು ‘ನಟರಾಗಿದ್ದರು’ ಎಂದು ತಿದ್ದಲು ಏಳುವ ಪೈಪೋಟಿ ಇದೆಯಲ್ಲ, ಅದನ್ನು ನೆನೆದರೆ ಮೈ ಉರಿಯುತ್ತದೆ. ಒಂದು ‘ದ್ದಾರೆ’ ತೆಗೆದು ‘ದ್ದರು’ ಹಾಕುವ ಮೊದಲು ಆಸ್ಪತ್ರೆಯ ಇಲ್ಲವೇ ಕುಟುಂಬದವರ ಹೇಳಿಕೆಗೆ ಅರ್ಧ ದಿನ ಕಾಯಲು ಏನು ಕಷ್ಟ?

ಜಾತಿಯನ್ನು ತುರುಕುವವರ ಕಾಟ ಬೇರೆ. ನಟ ತಾನಾಗಿ ಎಲ್ಲಿಯೂ ಹೇಳಿಕೊಳ್ಳದ ಜಾತಿಯನ್ನು ಯಾವುದೋ ಸಮುದಾಯದ ಹೆಮ್ಮೆಗಾಗಿ ಮೊದಲ ಸಾಲಿನಲ್ಲೇ ಬರೆಯುತ್ತಾರೆ, ಆಧಾರವಾಗಿ ಅದೇ ಸಮುದಾಯದ ಬ್ಲಾಗನ್ನು ಕೊಡುತ್ತಾರೆ. ‘ನಿವ್ವಳ ಆಸ್ತಿ ಇಷ್ಟು ಕೋಟಿ’ ಎನ್ನುವವರು, ಮುಹೂರ್ತವೂ ಆಗದ ಚಿತ್ರವನ್ನು ಪಟ್ಟಿಗೆ ಸೇರಿಸುವವರು, ಹೆಸರಿನ ಹಿಂದೆ ನಾಲ್ಕು ಬಿರುದು ಜೋಡಿಸುವವರು ದಿನನಿತ್ಯದ ಅತಿಥಿಗಳು. ಸಿನಿಮಾ ಮಾಹಿತಿಯ ಜಾಲತಾಣವಾದ ಐಎಂಡಿಬಿಯ ಕೊಂಡಿಯನ್ನು ಬ್ರಹ್ಮಾಸ್ತ್ರದಂತೆ ಎಸೆಯುವವರಿಗೆ, ಅಲ್ಲಿನ ಬಹುಪಾಲು ವಿವರಗಳನ್ನೂ ನಮ್ಮನಿಮ್ಮಂಥ ಬಳಕೆದಾರರೇ ತುಂಬುತ್ತಾರೆಂದು ಎಷ್ಟು ಸಲ ಹೇಳಲಿ?

ಒಂದು ಮಾತನ್ನು ಮಾತ್ರ ನಾನು ಒಪ್ಪುತ್ತೇನೆ. ನಮ್ಮ ಹಳೆಯ ಕಲಾವಿದರ ಬಗ್ಗೆ ಅಂತರಜಾಲದಲ್ಲಿ ಸಿಗುವುದು ಕಡಿಮೆ. ಐವತ್ತು-ಅರವತ್ತರ ದಶಕದಲ್ಲಿ ಎರಡು ದೃಶ್ಯಗಳಲ್ಲಿ ಬಂದು ಹೋಗುತ್ತಿದ್ದ ನಟರ ಕುರುಹು ಉಳಿದಿದ್ದರೆ ಅದು ಹಳೆಯ ಸಿನಿಮಾ ಪತ್ರಿಕೆಗಳಲ್ಲಿ, ಚಿತ್ರಮಂದಿರದಲ್ಲಿ ಮಾರುತ್ತಿದ್ದ ಹಾಡಿನ ಪುಸ್ತಕಗಳಲ್ಲಿ, ಯಾರದೋ ಮನೆಯ ಅಟ್ಟದ ಮೇಲೆ. ಆದರೆ ಆಧಾರವೆಂದರೆ ಕೊಂಡಿಯೇ ಆಗಬೇಕೆಂದು ಹೇಳಿದವರು ಯಾರು? ಪತ್ರಿಕೆಯ ಹೆಸರು, ಸಂಚಿಕೆಯ ದಿನಾಂಕ, ಪುಟಸಂಖ್ಯೆ ಬರೆದರೆ ಸಾಕು. ಇಷ್ಟು ವರ್ಷಗಳಲ್ಲಿ ಹಾಗೆ ಬರೆದವರು ನನಗೆ ಸಿಕ್ಕಿದ್ದು ಒಬ್ಬರೇ, ತಂದೆ ಬೈಂಡು ಮಾಡಿಸಿಟ್ಟಿದ್ದ ಸಂಚಿಕೆಗಳನ್ನು ತಿಂಗಳುಗಟ್ಟಲೆ ತಿರುವಿ ಹನ್ನೊಂದು ಪುಟಗಳನ್ನು ನೇರ್ಪುಗೊಳಿಸಿದ ನಿವೃತ್ತ ಮೇಷ್ಟ್ರು. ಅವರ ಒಂದು ಉಲ್ಲೇಖವನ್ನೂ ಕಳೆದ ತಿಂಗಳು ಯಾರೋ ಅಭಿಮಾನಿ ಅಳಿಸಿದ್ದರು. ಅದರ ಪ್ರಕಾರ ತಮ್ಮ ನಟನ ಮೊದಲ ಚಿತ್ರ ಬೇರೆಯಾಗುತ್ತಿತ್ತಂತೆ.

ಇಷ್ಟು ಬರೆಯುವ ಹೊತ್ತಿಗೆ ಜನ್ಮದಿನಾಂಕ ನಾಲ್ಕನೆಯ ಸಲ ಮರಳಿದೆ. ಸಂಪಾದನೆಯ ಸಾರಾಂಶದಲ್ಲಿ ‘ಗೂಗಲ್ ಮಾಡಿ ನೋಡಿ’ ಎಂದು ಬರೆದಿದ್ದಾರೆ. ನೋಡಿದೆ. ಹುಡುಕಾಟದಲ್ಲಿ ಮೊದಲಿಗೆ ಕಂಡದ್ದು ನಮ್ಮದೇ ಪುಟ.