ಮಾರಿಯೋ ಮಸಣಿಯೋ

ಸಾಗರದ ಅಜ್ಜಿ ಮನೆಗೆ ವಿಡಿಯೋ ಗೇಮ್ ಬಂದದ್ದು ಮಾರಿಜಾತ್ರೆಯ ವರ್ಷ. ಮೂರು ವರ್ಷಕ್ಕೊಮ್ಮೆ ನಡೆಯುವ ಆ ಜಾತ್ರೆಯ ಗುಂಗು ಊರಿನವರ ತಲೆಯಿಂದ ಇನ್ನೂ ಪೂರ್ತಿ ಇಳಿದಿರಲಿಲ್ಲ. ಬೇಸಿಗೆ ರಜೆಗೆಂದು ಸೇರಿದ್ದ ನಾವು ಐದಾರು ಮಕ್ಕಳು ಹಲ್ಲುಜ್ಜುವ ಮೊದಲೇ ಟಿವಿ ಮುಂದೆ ಕೂತು "ಮಾರಿಯೋ, ಮಾರಿಯೋ" ಎಂದು ಬೊಬ್ಬೆ ಹಾಕುತ್ತಿದ್ದರೆ ಅಜ್ಜಿ ಅಡುಗೆಮನೆಯಿಂದಲೇ ಗದರಿದಳು: "ಅದು ಮಾರಿಯೋ ಮಸಣಿಯೋ, ಮೊದ್ಲು ಎದ್ದು ಸ್ನಾನ ಮಾಡ್ರೋ."

ಆಟದ ಪೆಟ್ಟಿಗೆಯನ್ನು ಮಾವ ಬೆಂಗಳೂರಿಂದ ತಂದಿದ್ದ. ಜಪಾನಿನ ಅಸಲಿ ಮಾಲಲ್ಲ, ಅದರ ನಕಲು. ಜೊತೆಗೆ ಬಂದ ಹಳದಿ ಕ್ಯಾಸೆಟ್ಟಿನ ಮೇಲೆ 9999 ಆಟ ಎಂದು ಬರೆದಿತ್ತು. ಒಂದು ಮಧ್ಯಾಹ್ನ ಕೂತು ಲೆಕ್ಕ ಹಾಕಿದೆವು, ಹನ್ನೆರಡಿದ್ದವು. ಮಿಕ್ಕವೆಲ್ಲ ಅವೇ ಆಟಗಳು, ಬೇರೆ ಬೇರೆ ಹೆಸರಲ್ಲಿ. ಕ್ಯಾಸೆಟ್ ಹಿಡಿಯದಿದ್ದರೆ ಹೊರಗೆ ತೆಗೆದು ಬಾಯಿಗಿಟ್ಟು ಉಫ್ ಎಂದು ಊದಬೇಕು. ಒಲೆ ಊದಿ ಅಭ್ಯಾಸವಿದ್ದ ಅಜ್ಜಿಗೆ ಇದೊಂದು ಮಾತ್ರ ಚೆನ್ನಾಗಿ ಅರ್ಥವಾಗುತ್ತಿತ್ತು.

ಆಮೇಲೆ ಎಷ್ಟೋ ಆಟದ ನಾಯಕರನ್ನು ಕಂಡೆ. ಕತ್ತಿ ಹಿಡಿದವರು, ಬಂದೂಕು ಹಿಡಿದವರು, ಹೆಂಡತಿಯನ್ನೋ ಮಗನನ್ನೋ ಕಳೆದುಕೊಂಡು ಸಿಟ್ಟಾದವರು. ಒಬ್ಬರೂ ಮಾರಿಯೋ ಎಂಬ ಈ ಕುಳ್ಳನ ಜಾಗಕ್ಕೆ ಬರಲಿಲ್ಲ. ಯಾಕೆಂದು ಈಗ ಯೋಚಿಸಿದರೆ ಮೊದಲು ನೆನಪಾಗುವುದು ಅವನು ರಂಗಕ್ಕೆ ಬರುವ ರೀತಿ. ನಮ್ಮ ಕಡೆಯ ಯಕ್ಷಗಾನದಲ್ಲಿ ವೀರನೊಬ್ಬ ಸುಮ್ಮನೆ ಬರುವುದುಂಟೇ? ಒಡ್ಡೋಲಗವಾಗಬೇಕು, ಚಂಡೆ ಮೊಳಗಬೇಕು, ತಾನ್ಯಾರು, ತನ್ನಪ್ಪ ಯಾರು, ಯಾವ ಕಾರ್ಯಕ್ಕೆ ಹೊರಟೆ ಎಂದು ಅರ್ಧ ಗಂಟೆ ಹೇಳಿಕೊಳ್ಳಬೇಕು. ಮಾರಿಯೋಗೆ ಅದೇನೂ ಇಲ್ಲ. ಪರದೆಯ ಎಡಗಡೆ, ಹೊಟ್ಟೆ ಮುಂದೆ ಮಾಡಿಕೊಂಡು, ಬಸ್ಸಿಗೆ ಕಾಯುವವನ ಹಾಗೆ ನಿಂತಿರುತ್ತಾನೆ. ನಾವು ಗುಂಡಿ ಒತ್ತದಿದ್ದರೆ ನಿಂತೇ ಇರುತ್ತಾನೆ.

ಅವನ ರೂಪದ ಹಿಂದೆಯೂ ವೀರತನವೇನಿಲ್ಲ, ಇರುವುದು ಬಡತನ. 1981ರ 'ಡಾಂಕಿ ಕಾಂಗ್' ಆಟಕ್ಕೆ ಜಪಾನಿನ ನಿಂಟೆಂಡೊ ಕಂಪನಿಯ ಶಿಗೆರು ಮಿಯಾಮೊಟೊ ಅವನನ್ನು ಬರೆದಾಗ ಸಿಕ್ಕಿದ್ದು ಬೆರಳೆಣಿಕೆಯ ಚುಕ್ಕಿಗಳು. ಅಷ್ಟರಲ್ಲಿ ಬಾಯಿ ಬರೆಯಲಾಗದು, ಅದಕ್ಕೇ ದಪ್ಪ ಮೂಗಿನ ಕೆಳಗೆ ಮೀಸೆ. ಹಾರುವಾಗ ಕೂದಲು ಅಲುಗುವುದನ್ನು ತೋರಿಸಲಾಗದು, ಅದಕ್ಕೇ ಟೊಪ್ಪಿ. ಕೈ ಬೀಸಿದ್ದು ಕಾಣಬೇಕು, ಅದಕ್ಕೇ ತೋಳಿಗೊಂದು ಬಣ್ಣ, ಮೈಗೊಂದು ಬಣ್ಣದ ಕೆಲಸಗಾರರ ಉಡುಪು. ನಮ್ಮಲ್ಲಿ ಮೀಸೆ ಎಂದರೆ ಗತ್ತು, ತಿರುವುವುದಕ್ಕೆ ಇರುವಂಥದ್ದು. ಇವನ ಮೀಸೆ ಬಾಯಿ ಬರೆಯಲು ಜಾಗವಿಲ್ಲದ್ದಕ್ಕೆ ಹಚ್ಚಿದ ತೇಪೆ. ಆಗ ಅವನಿಗೆ ನೆಟ್ಟಗೊಂದು ಹೆಸರೂ ಇರಲಿಲ್ಲ, ಜಂಪ್‌ಮ್ಯಾನ್ ಅನ್ನುತ್ತಿದ್ದರು. ಕಸುಬು ಬಡಗಿಯದು. ಕೊಳವೆ ರಿಪೇರಿಯವನಾದದ್ದು 1983ರಲ್ಲಿ. ಮಾರಿಯೋ ಎಂಬ ಹೆಸರು ಅಮೆರಿಕದಲ್ಲಿ ನಿಂಟೆಂಡೊದವರು ಹಿಡಿದಿದ್ದ ಗೋದಾಮಿನ ಮಾಲೀಕ ಮಾರಿಯೋ ಸೆಗಾಲೆ ಅವರದು. ಬಾಡಿಗೆ ಬಾಕಿ ಕೇಳಲು ಬಂದವರ ಹೆಸರನ್ನೇ ಇಟ್ಟುಬಿಟ್ಟರು ಎಂದು ಕಥೆ. ಮನೆ ಓನರ್ ಹೆಸರನ್ನು ಮಗುವಿಗಿಟ್ಟವರನ್ನು ನಾನು ಬೆಂಗಳೂರಿನಲ್ಲಂತೂ ಕಂಡಿಲ್ಲ.

ಕೊಳವೆ ರಿಪೇರಿಯವನು ಅಂದೆನಲ್ಲ, ಅದರಲ್ಲೊಂದು ತಕರಾರಿದೆ. ನಾವು ಆಡುತ್ತಿದ್ದ 'ಸೂಪರ್ ಮಾರಿಯೋ ಬ್ರದರ್ಸ್' ಬಂದದ್ದು 1985ರಲ್ಲಿ. ಎಂಟು ಲೋಕ, ಒಂದೊಂದರಲ್ಲಿ ನಾಲ್ಕು ಹಂತ, ದಾರಿ ತುಂಬ ಹಸಿರು ಕೊಳವೆ. ಅವನು ಕೊಳವೆಯ ಮೇಲೆ ಹತ್ತುತ್ತಾನೆ, ಒಳಗೆ ಇಳಿಯುತ್ತಾನೆ, ಅಡಿಯಲ್ಲಿರುವ ನಾಣ್ಯ ಬಾಚಿಕೊಂಡು ಇನ್ನೊಂದು ಕಡೆ ಎದ್ದು ಬರುತ್ತಾನೆ. ಒಂದೇ ಒಂದು ಕೊಳವೆಯನ್ನೂ ರಿಪೇರಿ ಮಾಡುವುದಿಲ್ಲ. ನಮ್ಮ ಬಚ್ಚಲಿನ ನಲ್ಲಿ ನೋಡಲು ಬಂದಿದ್ದ ಮಹಾಶಯನೂ ಹೀಗೇ ಎಲ್ಲವನ್ನೂ ಇಣುಕಿ ನೋಡಿ ದುಡ್ಡು ತೆಗೆದುಕೊಂಡು ಹೋದ.

ಆಟ ಇಡೀ ಹಿಡಿದಿದ್ದು 40 ಕಿಲೋಬೈಟಿನಲ್ಲಿ. ಈಗ ವಾಟ್ಸಾಪಿನಲ್ಲಿ ಬರುವ ಒಂದು ಗುಡ್ ಮಾರ್ನಿಂಗ್ ಚಿತ್ರ ಅದಕ್ಕಿಂತ ಭಾರ. ಅಷ್ಟು ಇಕ್ಕಟ್ಟಿನಲ್ಲಿ ಬಿಡಿಸಿದ್ದರಿಂದ ಆಕಾಶದ ಮೋಡಕ್ಕೂ ನೆಲದ ಪೊದೆಗೂ ಒಂದೇ ಚಿತ್ರ. ಮೇಲೆ ಬಿಳಿ, ಕೆಳಗೆ ಹಸಿರು. ಇದು ನನಗೆ ತಿಳಿದದ್ದು ಮೂವತ್ತು ದಾಟಿದ ಮೇಲೆ. ಹಳೇ ಸೀರೆ ಹರಿದು ದಿಂಬಿನ ಚೀಲವನ್ನೂ ಕಾಲೊರಸನ್ನೂ ಹೊಲಿಯುತ್ತಿದ್ದ ಅಜ್ಜಿ ಬದುಕಿದ್ದರೆ ಹೇಳಬಹುದಿತ್ತು, ಮೆಚ್ಚಿಕೊಳ್ಳುತ್ತಿದ್ದಳು.

ಅಜ್ಜಿ ಆಟಕ್ಕೆ ಬಿದ್ದದ್ದು ಅಣಬೆಯಿಂದ. ಮೊದಲ ಹಂತದಲ್ಲಿ ಎದುರಾಗುವ ಕಂದು ಬಣ್ಣದ ಶತ್ರು ನೋಡಲು ಅಣಬೆಯ ಹಾಗೇ ಇದೆ, ಮುಟ್ಟಿದರೆ ಸಾವು. ಎರಡು ಹೆಜ್ಜೆ ದಾಟಿ ಇಟ್ಟಿಗೆಗೆ ತಲೆ ಗುದ್ದಿದರೆ ಅಲ್ಲಿಂದಲೂ ಅಣಬೆ ಬರುತ್ತದೆ, ಅದನ್ನು ತಿಂದರೆ ಆಳು ಎರಡರಷ್ಟಾಗುತ್ತಾನೆ. ಮೊದಲನೆಯದರಿಂದ ಸತ್ತ ನಾನು ಎರಡನೆಯದನ್ನು ಕಂಡು ಓಡಿದೆ. ಅದು ಬಲಕ್ಕೆ ಜಾರಿ, ಕೊಳವೆಗೆ ಬಡಿದು, ತಿರುಗಿ ನನ್ನ ಕಡೆಗೇ ಬಂದು ಮೈಗೆ ತಾಗಿತು. ಕೊಳವೆಯನ್ನು ಅಲ್ಲಿ ಇಟ್ಟದ್ದೇ ಅದಕ್ಕಂತೆ, ಹೆದರಿದವನಿಗೂ ಅಣಬೆ ತಪ್ಪದಿರಲೆಂದು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅಜ್ಜಿ, "ಅದು ತಿನ್ನೋ ಅಣಬೆ ಕಣೋ, ಇದರ ಬಣ್ಣ ನೋಡು, ಅದರ ಬಣ್ಣ ನೋಡು" ಎಂದಳು. ಮೊದಲ ಮಳೆಗೆ ಎದ್ದ ಅಣಬೆಯಲ್ಲಿ ಸಾರಿಗಾಗುವುದನ್ನೂ ಎಸೆಯುವುದನ್ನೂ ಬೇರೆ ಮಾಡಿದ ಕೈ ಅದು. ಅಲ್ಲಿಂದ ಮುಂದೆ ಮಧ್ಯಾಹ್ನ ಅಕ್ಕಿಯ ಮೊರ ಹಿಡಿದುಕೊಂಡು ಬಂದು ನಮ್ಮ ಹಿಂದೆ ಕೂರತೊಡಗಿದಳು.

ಮಾರಿಯೋನ ಗುಟ್ಟಿರುವುದು ಅವನ ಹಾರುವಿಕೆಯಲ್ಲಿ. ಗುಂಡಿ ಮುಟ್ಟಿ ಬಿಟ್ಟರೆ ಸಣ್ಣ ನೆಗೆತ, ಒತ್ತಿ ಹಿಡಿದರೆ ಉದ್ದ ನೆಗೆತ. ಗಾಳಿಯಲ್ಲಿದ್ದಾಗಲೂ ಚೂರು ಹಿಂದಕ್ಕೆ ಎಳೆಯಬಹುದು. ಓಡುತ್ತಿದ್ದವನನ್ನು ತಟ್ಟನೆ ತಿರುಗಿಸಿದರೆ ಸಗಣಿ ಸಾರಿಸಿದ ಅಂಗಳದಲ್ಲಿ ಕಾಲಿಟ್ಟವನ ಹಾಗೆ ಸರ್ರನೆ ಜಾರುತ್ತಾನೆ. ಹೀಗಾಗಿ ನಮ್ಮ ಹೆಬ್ಬೆರಳಿನ ಅಂಜಿಕೆ, ಆತುರ ಎಲ್ಲವೂ ಅವನ ಕಾಲಿಗೆ ಇಳಿಯುತ್ತಿತ್ತು. ಹೊಂಡ ಬಂದರೆ ನಾವು ರಿಮೋಟ್ ಹಿಡಿದ ಎರಡೂ ಕೈಯನ್ನು ಮೇಲಕ್ಕೆತ್ತುತ್ತಿದ್ದೆವು, ಕೈ ಎತ್ತಿದರೆ ಅವನು ಇನ್ನೊಂದು ಗೇಣು ಹೆಚ್ಚು ಹಾರುತ್ತಾನೆಂಬಂತೆ. ಒಮ್ಮೆ ತಿರುಗಿ ನೋಡಿದರೆ ಅಜ್ಜಿಯ ಮೊರವೂ ಮಡಿಲಿಂದ ನಾಲ್ಕು ಬೆರಳು ಮೇಲಿತ್ತು.

ಅವನು ಆಟದುದ್ದಕ್ಕೂ ನಮ್ಮ ಕಡೆ ನೋಡುವುದಿಲ್ಲ, ಬಲಕ್ಕೋ ಎಡಕ್ಕೋ ಮುಖ ಮಾಡಿರುತ್ತಾನೆ. ಶತ್ರು ತಾಗಿ ಸಾಯುವಾಗ ಮಾತ್ರ ಕೈ ಎತ್ತಿ ನಮ್ಮತ್ತ ತಿರುಗುತ್ತಾನೆ, ಸಣ್ಣಗೆ ಮೇಲಕ್ಕೆ ನೆಗೆದು ಪರದೆಯ ಕೆಳಗೆ ಬಿದ್ದುಹೋಗುತ್ತಾನೆ. ಆ ನೋಟದಲ್ಲಿ ಬಯ್ಗುಳವಿರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳಬಹುದಿತ್ತು. ತಪ್ಪು ನಮ್ಮ ಹೆಬ್ಬೆರಳಿನದು, ಬಿದ್ದವನು ಅವನು. ಮರುಗಳಿಗೆ ಮತ್ತೆ ಎಡಗಡೆ ನಿಂತು ಹೊರಡಲು ಸಿದ್ಧ. ಸ್ವಂತ ದುಃಖ ಹೇಳಿಕೊಳ್ಳುವ ನಾಯಕರಲ್ಲಿ ನಮಗೆ ಜಾಗ ಇರುವುದಿಲ್ಲ, ಇವನಲ್ಲಿ ಇರುವುದೆಲ್ಲ ಜಾಗವೇ. 2016ರಲ್ಲಿ ರಿಯೊ ಒಲಿಂಪಿಕ್ಸಿನ ಕೊನೆಯ ದಿನ ಜಪಾನಿನ ಪ್ರಧಾನಿ ಶಿಂಜೊ ಅಬೆ ಇವನದೇ ಕೆಂಪು ಟೊಪ್ಪಿ ಹಾಕಿಕೊಂಡು ಹಸಿರು ಕೊಳವೆಯಿಂದ ಎದ್ದು ಬಂದಾಗ ನನಗೆ ಆಶ್ಚರ್ಯವಾಗಲಿಲ್ಲ. ಆ ಟೊಪ್ಪಿ ಯಾರ ತಲೆಗಾದರೂ ಹಿಡಿಸುತ್ತದೆ.

ರಾಜಕುಮಾರಿಯನ್ನು ಬಿಡಿಸಲೆಂದು ಹೊರಟವನು ಎಂಬುದು ನಮಗೆ ತಿಳಿದದ್ದು ತಡವಾಗಿ. ಒಂದೊಂದು ಲೋಕದ ಕೊನೆಗೂ ಒಂದು ಕೋಟೆ. ಸೇತುವೆ ಮುರಿದು ರಾಕ್ಷಸನನ್ನು ಬೆಂಕಿಗೆ ಬೀಳಿಸಿ ಒಳಗೆ ಹೋದರೆ ಅಲ್ಲೊಬ್ಬ ಅಣಬೆತಲೆಯ ಸೇವಕ, ಅವನ ಮೇಲೆ ಇಂಗ್ಲಿಷಿನಲ್ಲಿ ಎರಡು ಸಾಲು. ಇಂಗ್ಲಿಷ್ ಬರುತ್ತಿದ್ದ ಮಾವನ ಮಗ ಓದಿ ಹೇಳಿದ: ವಂದನೆ ಮಾರಿಯೋ, ಆದರೆ ನಮ್ಮ ರಾಜಕುಮಾರಿ ಇರೋದು ಬೇರೆ ಕೋಟೆಯಲ್ಲಿ. ಏಳು ಕೋಟೆಯಲ್ಲೂ ಇದೇ ಉತ್ತರ. ಅಜ್ಜಿಗೆ ಸಿಟ್ಟೇ ಬಂತು. "ವಿಳಾಸ ಸರಿಯಾಗಿ ವಿಚಾರಿಸ್ಕೊಂಡು ಹೊರಡೋದಲ್ವಾ?"

ಆ ರಜೆಯಲ್ಲಿ ನಾವು ಮುಟ್ಟಿದ್ದು ಏಳನೆಯ ಲೋಕದವರೆಗೆ. ಮಾವನ ಮಗ ಆಡುತ್ತಿದ್ದ, ನಾವು ಉಸಿರು ಬಿಗಿಹಿಡಿದಿದ್ದೆವು. ಸಮಯದ ಅಂಕಿ ನೂರಕ್ಕಿಂತ ಕೆಳಗಿಳಿದು ಹಾಡು ಅವಸರ ಮಾಡತೊಡಗಿತ್ತು. ಅಷ್ಟರಲ್ಲಿ ಕರೆಂಟು ಹೋಯಿತು. ಆ ಪೆಟ್ಟಿಗೆಗೆ ನೆನಪಿಟ್ಟುಕೊಳ್ಳುವ ಶಕ್ತಿ ಇರಲಿಲ್ಲ, ಹೋದದ್ದೆಲ್ಲ ಹೋಯಿತು. ಯಾರೂ ಮಾತಾಡಲಿಲ್ಲ. ಮುಕ್ಕಾಲು ಗಂಟೆ ಕಳೆದು ಫ್ಯಾನು ತಿರುಗಿತು, ಟಿವಿಯಲ್ಲಿ ನೀಲಿ ಆಕಾಶ ಬಂತು, ಎಡಗಡೆ ಅವನು ಬಂದು ನಿಂತ.

"ಮತ್ತೆ ಮೊದಲಿಂದ ನಡೆಸ್ಬೇಕಾ ಅವನನ್ನ?" ಅಜ್ಜಿ ಕೇಳಿದಳು.

"ಹೂಂ ಅಜ್ಜಿ."

"ಪಾಪ, ಒಂದು ಲೋಟ ನೀರು ಕುಡಿಯೋಕಾದ್ರೂ ಬಿಡ್ರೋ" ಎಂದು ಮೊರವನ್ನು ಮಡಿಲಿಗೆ ಎಳೆದುಕೊಂಡಳು.